ದೂರದ ಬೆಟ್ಟವೂ ವಿಮಾನದ ಚುಕ್ಕಾಣಿಯೂ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಂಗಿಯ ಮೊಮ್ಮಗ ನಮ್ಮ ಮನೆಗೆ ಬಂದು ಹತ್ತು ದಿನ ಇದ್ದು ಹೋದ. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗ, ಚುರುಕಾದವನು, ಮಾತುಗಾರ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪನ್ನು ನಡುಮನೆಯ ಮೇಜಿನ ಮೇಲಿಟ್ಟುಕೊಂಡು ವಿಮಾನ ಹಾರಿಸುವ ಆಟವಾಡುತ್ತಿದ್ದ. ಪರದೆಯ ಮೇಲೆ ಬೋಯಿಂಗ್ ವಿಮಾನದ ಕಾಕ್‌ಪಿಟ್ಟು, ಅದರಾಚೆ ಮೋಡ, ಮೋಡದ ಕೆಳಗೆ ರನ್‌ವೇ. ಒಂದು ರಾತ್ರಿ ವಿಮಾನವನ್ನು ನಾಜೂಕಾಗಿ ಇಳಿಸಿ ನಿಲ್ಲಿಸಿದವನೇ ನನ್ನತ್ತ ತಿರುಗಿ, “ತಾತ, ನಿಜವಾದ ವಿಮಾನದಲ್ಲಿ ಪೈಲಟ್‌ಗಳಿಬ್ಬರಿಗೂ ಪ್ರಜ್ಞೆ ತಪ್ಪಿತು ಅಂದ್ಕೊಳ್ಳಿ, ನಾನು ಇಳಿಸಿಬಿಡ್ತೀನಿ” ಎಂದ. ಅವನ ಮುಖದಲ್ಲಿ ಜಂಬವೇನೂ ಇರಲಿಲ್ಲ. ಮಾಡಬಲ್ಲೆನೆಂಬ ನಂಬಿಕೆ ಮಾತ್ರ ಇತ್ತು.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹವ್ಯಾಸಕ್ಕಾಗಿ ವಿಮಾನ ಹಾರಿಸುವುದನ್ನು ಕಲಿತು ಖಾಸಗಿ ಪೈಲಟ್ ಪರವಾನಗಿ ಪಡೆದವನು. ನಾಲ್ಕು ಆಸನಗಳ ಸೆಸ್ನಾ 172 ವಿಮಾನದಲ್ಲಿ ನೂರಕ್ಕೂ ಹೆಚ್ಚು ಗಂಟೆ ಹಾರಿದ್ದಾನೆ. ಹುಡುಗನ ಮಾತನ್ನೇ ಪ್ರಶ್ನೆಯಾಗಿ ಅವನ ಮುಂದಿಟ್ಟೆ. ಕಾಫಿ ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ. “ಇಳಿಸ್ತೀನಿ ಅಂತ ಹೇಳೋ ಧೈರ್ಯ ನನಗಿಲ್ಲ ಮೇಷ್ಟ್ರೇ. ಕೆಳಗಿನಿಂದ ಯಾರಾದರೂ ಒಂದೊಂದಾಗಿ ಹೇಳಿಕೊಟ್ಟರೆ ಪ್ರಯತ್ನ ಮಾಡಬಹುದು. ಅದೂ ಹವಾಮಾನ ಚೆನ್ನಾಗಿದ್ದರೆ” ಎಂದ.

ಒಂದು ಗಂಟೆಯೂ ಆಕಾಶದಲ್ಲಿ ವಿಮಾನ ನಡೆಸದವನಿಗೆ ಪೂರ್ಣ ಭರವಸೆ. ನೂರು ಗಂಟೆ ನಡೆಸಿದವನಿಗೆ ಅಳುಕು. ಮೂರೂವರೆ ದಶಕ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿದವನಾದ ನನಗೆ ಈ ವ್ಯತ್ಯಾಸ ಹೊಸತಲ್ಲ. ಪರೀಕ್ಷೆ ಬರೆದು ಹೊರಬಂದು “ಎಲ್ಲ ಸುಲಭ ಸಾರ್” ಎಂದವರ ಉತ್ತರ ಪತ್ರಿಕೆಗಳನ್ನು ನಾನು ಬಹಳ ನೋಡಿದ್ದೇನೆ. ಆದರೂ ಹುಡುಗನ ಮಾತನ್ನು ನಕ್ಕು ತಳ್ಳಿಹಾಕಲು ಮನಸ್ಸಾಗಲಿಲ್ಲ. ಹವ್ಯಾಸಿಯೊಬ್ಬ ದೊಡ್ಡ ಪ್ರಯಾಣಿಕ ಜೆಟ್ ವಿಮಾನವನ್ನು ಇಳಿಸಬಲ್ಲನೇ ಎಂಬುದು ಕೇಳತಕ್ಕ ಪ್ರಶ್ನೆಯೇ. ಆಮೇಲೆ ಹಲವು ದಿನ ಓದಿ, ಯೋಚಿಸಿ, ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಹುಡುಗನೊಬ್ಬನದೇ ಇಂಥ ನಂಬಿಕೆಯಲ್ಲ. 2023ರ ಜನವರಿಯಲ್ಲಿ ಯೂಗವ್ ಸಂಸ್ಥೆ ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಜನರ ಮುಂದಿಟ್ಟಿತು. ತುರ್ತು ಸಂದರ್ಭದಲ್ಲಿ, ವಾಯು ಸಂಚಾರ ನಿಯಂತ್ರಕರ ನೆರವು ಮಾತ್ರ ಇದ್ದರೆ, ಪ್ರಯಾಣಿಕ ವಿಮಾನವನ್ನು ಸುರಕ್ಷಿತವಾಗಿ ಇಳಿಸಬಲ್ಲಿರಾ ಎಂದು ಕೇಳಿದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ತಮಗೆ ಭರವಸೆಯಿದೆ ಎಂದರು. ಗಂಡಸರಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆ ಭರವಸೆಯಿತ್ತು. ಹೆಂಗಸರಲ್ಲಿ ಐದರಲ್ಲೊಬ್ಬರಿಗೆ ಮಾತ್ರ. ಈ ವ್ಯತ್ಯಾಸದ ಬಗ್ಗೆ ನನ್ನ ಶ್ರೀಮತಿ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಅದಕ್ಕೂ ಮೊದಲು, 2022ರಲ್ಲಿ, ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದ್ದರು. ಪೈಲಟ್‌ಗಳು ವಿಮಾನ ಇಳಿಸುವ ನಾಲ್ಕು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ದೃಶ್ಯವನ್ನು ಕೆಲವರಿಗೆ ತೋರಿಸಿದರು. ಅದರಿಂದ ಕಲಿಯುವಂಥದ್ದು ಏನೂ ಇರಲಿಲ್ಲ. ಆದರೂ ಅದನ್ನು ನೋಡಿದವರಲ್ಲಿ, ನೋಡದವರಿಗಿಂತ ಹೆಚ್ಚಾಗಿ, ತಾವೂ ವಿಮಾನ ಇಳಿಸಬಲ್ಲೆವೆಂಬ ವಿಶ್ವಾಸ ಮೂಡಿತ್ತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ನೋಡುವುದರಿಂದ ವಿದ್ಯೆ ಬರುವುದಿಲ್ಲ. ವಿದ್ಯೆ ಬಂತೆಂಬ ಭಾವನೆ ಮಾತ್ರ ಬರುತ್ತದೆ. ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ತಲೆದೂಗುತ್ತಿದ್ದ ಎಷ್ಟೋ ಮಕ್ಕಳು, ಸೀಮೆಸುಣ್ಣ ಕೈಗೆ ಕೊಟ್ಟೊಡನೆ ತಬ್ಬಿಬ್ಬಾಗುತ್ತಿದ್ದರು.

ಇರಲಿ, ಹವ್ಯಾಸಿ ಪೈಲಟ್ ಎಂದರೆ ಬರೀ ನೋಡಿದವನಲ್ಲವಲ್ಲ, ಮಾಡಿದವನು. ಅವನನ್ನು ಪ್ರತ್ಯೇಕವಾಗಿಯೇ ಪರಿಗಣಿಸಬೇಕು. ನಮ್ಮ ದೇಶದಲ್ಲಿ ಖಾಸಗಿ ಪರವಾನಗಿ ಪಡೆಯಲು ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಸಂಬಳಕ್ಕೆ ವಿಮಾನ ನಡೆಸುವ ವಾಣಿಜ್ಯ ಪರವಾನಗಿಗೆ 200 ಗಂಟೆ. ಅಷ್ಟಾದರೂ ಅವನನ್ನು ಏರ್‌ಬಸ್ಸಿನಲ್ಲೋ ಬೋಯಿಂಗಿನಲ್ಲೋ ನೇರವಾಗಿ ಕೂರಿಸುವುದಿಲ್ಲ. ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ ಇರುತ್ತವೆ. ಏರ್‌ಬಸ್ 320 ಬಲ್ಲವನು ಬೋಯಿಂಗ್ 737ಕ್ಕೆ ಹೋಗಬೇಕಾದರೂ ಮತ್ತೆ ಪಾಠಶಾಲೆಗೆ ಹೋಗಬೇಕು. ಹೀಗಿದ್ದರೂ ಹವ್ಯಾಸಿಗೆ ತಿಳಿದದ್ದು ಕಡಿಮೆಯೇನಲ್ಲ. ರೆಕ್ಕೆಯ ಮೇಲೆ ಗಾಳಿ ಹರಿಯುವುದು ಸಣ್ಣ ವಿಮಾನಕ್ಕೂ ದೊಡ್ಡ ವಿಮಾನಕ್ಕೂ ಒಂದೇ ನಿಯಮದಂತೆ. ವೇಗ ಕಡಿಮೆಯಾದರೆ ರೆಕ್ಕೆ ಭಾರ ಹೊರಲಾರದೆಂಬುದು, ಎತ್ತರಮಾಪಕವನ್ನು ಓದುವುದು, ರೇಡಿಯೋದಲ್ಲಿ ಮಾತನಾಡುವುದು, ಇವೆಲ್ಲ ಅವನಿಗೆ ಗೊತ್ತು. ಗಾಬರಿಯ ಹೊತ್ತಿನಲ್ಲಿ ಇವು ದೊಡ್ಡ ಆಸ್ತಿಯೇ ಸರಿ.

ವ್ಯತ್ಯಾಸ ಎಲ್ಲಿದೆ? ಹಳೆಯ ಅಭ್ಯಾಸಬಲದಿಂದ ಒಂದು ಲೆಕ್ಕ ಹಾಕಿದೆ. ಸೆಸ್ನಾ 172ರ ತೂಕ, ಜನರೂ ಇಂಧನವೂ ಸೇರಿ, ಸುಮಾರು 1,100 ಕಿಲೋ. ಇಳಿಯಲು ಬರುವಾಗ ಅದರ ವೇಗ ಗಂಟೆಗೆ ಸುಮಾರು 120 ಕಿ.ಮೀ. ಬೋಯಿಂಗ್ 737-800 ಇಳಿಯುವಾಗ 65,000 ಕಿಲೋ ತೂಗಬಹುದು; ವೇಗ ಗಂಟೆಗೆ ಸುಮಾರು 260 ಕಿ.ಮೀ. ಚಲನಶಕ್ತಿ ದ್ರವ್ಯರಾಶಿಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ ಎಂದು ಪ್ರೌಢಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ. ತೂಕ ಹೆಚ್ಚುಕಡಿಮೆ 60 ಪಟ್ಟು. ವೇಗ ಎರಡು ಪಟ್ಟಿಗಿಂತ ತುಸು ಹೆಚ್ಚು, ಅದರ ವರ್ಗ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಗುಣಿಸಿದರೆ ಸುಮಾರು 280 ಪಟ್ಟು. ರನ್‌ವೇ ಮುಟ್ಟಿದ ಮೇಲೆ ಹವ್ಯಾಸಿ ತನ್ನ ಸೆಸ್ನಾದಲ್ಲಿ ನಿಲ್ಲಿಸುವ ಶಕ್ತಿಯ 280 ಪಟ್ಟನ್ನು ಇಲ್ಲಿ ನಿಲ್ಲಿಸಬೇಕು.

ಆ ವೇಗದಲ್ಲಿ ವಿಮಾನ ಒಂದು ಸೆಕೆಂಡಿಗೆ 70 ಮೀಟರ್ ದಾಟುತ್ತದೆ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ, ಸೆಕೆಂಡಿಗೆ ಮೂರೂವರೆ ಮೀಟರಿನಂತೆ ಕೆಳಗಿಳಿಯುತ್ತಿರುತ್ತದೆ. ನೆಲಕ್ಕೆ ಇನ್ನು 20-30 ಅಡಿ ಇರುವಾಗ ಮೂತಿಯನ್ನು ತುಸುವೇ ಎತ್ತಿ ಆ ಇಳಿತವನ್ನು ತಗ್ಗಿಸಬೇಕು. ಬೇಗ ಎತ್ತಿದರೆ ವಿಮಾನ ತೇಲುತ್ತಾ ಹೋಗಿ ರನ್‌ವೇ ಮುಗಿದುಹೋಗಬಹುದು. ತಡವಾದರೆ ಚಕ್ರದ ಕಾಲುಗಳು ಮುರಿಯುವಂತೆ ಅಪ್ಪಳಿಸಬಹುದು. ಎಂಜಿನ್ನಿನ ವಿಷಯದಲ್ಲೂ ವ್ಯತ್ಯಾಸವಿದೆ. ಸೆಸ್ನಾದ ಪ್ರೊಪೆಲರ್ ಎಂಜಿನ್ ಶಕ್ತಿ ಕೇಳಿದೊಡನೆ ಕೊಡುತ್ತದೆ. ಮಂದಗತಿಯಲ್ಲಿರುವ ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಜೆಟ್ಟಿನ ಪೈಲಟ್ ಬೇಕಾಗುವುದಕ್ಕಿಂತ ಮೊದಲೇ ಕೇಳಿಡಬೇಕು. ಇಳಿಯುವ ಸಿದ್ಧತೆಯೂ ಹಾಗೆಯೇ. 36,000 ಅಡಿ ಎತ್ತರದಿಂದ ಇಳಿಯಬೇಕಾದರೆ ಸುಮಾರು 200 ಕಿ.ಮೀ. ಮೊದಲೇ ಆರಂಭಿಸಬೇಕು. ವಾಯವ್ಯ ದಿಕ್ಕಿನಿಂದ ದೇವನಹಳ್ಳಿಗೆ ಬರುವ ವಿಮಾನ ಹೆಚ್ಚುಕಡಿಮೆ ಚಿತ್ರದುರ್ಗದ ಆಕಾಶದಲ್ಲಿರುವಾಗಲೇ ಇಳಿಯುವ ಯೋಚನೆ ಮಾಡಿರಬೇಕು. ಜೆಟ್ ವಿಮಾನ ನಡೆಸುವವನ ಮನಸ್ಸು ಯಾವಾಗಲೂ ವಿಮಾನಕ್ಕಿಂತ ಮುಂದಿರಬೇಕು. ಹವ್ಯಾಸಿಗೆ ಅಭ್ಯಾಸವಿಲ್ಲದ್ದು ಮುಖ್ಯವಾಗಿ ಇದೇ.

“ಅದನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ ತಾತ” ಎಂದು ಹುಡುಗ ಇಲ್ಲಿ ನನ್ನನ್ನು ತಡೆದಿದ್ದ. ಅವನ ಮಾತಿನಲ್ಲಿ ಸತ್ಯವಿದೆ. 1965ರ ಜೂನ್ 10ರಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ ಪ್ರಯಾಣಿಕರನ್ನು ಕರೆತಂದ ಟ್ರೈಡೆಂಟ್ ವಿಮಾನ ಸ್ವಯಂಚಾಲಿತ ವ್ಯವಸ್ಥೆಯ ಬಲದಿಂದಲೇ ನೆಲ ಮುಟ್ಟಿತ್ತು. ಇಂದಿನ ದೊಡ್ಡ ಜೆಟ್ಟುಗಳಲ್ಲಿ ಬಹುಪಾಲಿಗೆ ಆ ಸಾಮರ್ಥ್ಯವಿದೆ. ರನ್‌ವೇಯ ಬಳಿಯಿಂದ ಹೊರಡುವ ಎರಡು ರೇಡಿಯೋ ಸಂಕೇತಗಳಲ್ಲಿ ಒಂದು ವಿಮಾನವನ್ನು ರನ್‌ವೇಯ ನಡುಗೆರೆಗೆ ಸರಿಯಾಗಿ ಹಿಡಿದರೆ, ಇನ್ನೊಂದು ಇಳಿಜಾರಿನ ಕೋನವನ್ನು ತೋರಿಸುತ್ತದೆ. ದಟ್ಟ ಮಂಜಿನಲ್ಲಿ ಪೈಲಟ್‌ಗಳು ಇದನ್ನೇ ನೆಚ್ಚುತ್ತಾರೆ.

ಆದರೆ ಈ ಯಂತ್ರ ಆಜ್ಞೆ ಪಾಲಿಸುವ ಸೇವಕನೇ ಹೊರತು ಯಜಮಾನನಲ್ಲ. ಯಾವ ನಿಲ್ದಾಣ, ಯಾವ ರನ್‌ವೇ, ಯಾವ ತರಂಗಾಂತರ, ಎಷ್ಟು ಎತ್ತರಕ್ಕೆ ಇಳಿಯಬೇಕು, ವೇಗ ಎಷ್ಟಿರಬೇಕು ಎಂಬುದನ್ನೆಲ್ಲ ಮನುಷ್ಯನೇ ಸರಿಯಾದ ಹೊತ್ತಿಗೆ ತಿಳಿಸಬೇಕು. ರೆಕ್ಕೆಯ ಹಿಂಬದಿಯ ಫ್ಲಾಪುಗಳನ್ನು ಹಂತ ಹಂತವಾಗಿ ಇಳಿಸುವುದು, ಚಕ್ರಗಳನ್ನು ಕೆಳಬಿಡುವುದು ಮನುಷ್ಯನ ಕೈ ಕೆಲಸ. ಸ್ವಯಂಚಾಲಿತವಾಗಿ ಇಳಿಯಲು ಬೇಕಾದ ಮಟ್ಟದ ಉಪಕರಣ ಎಲ್ಲ ನಿಲ್ದಾಣಗಳಲ್ಲೂ ಇಲ್ಲ. ಗಾಳಿ ಜೋರಾಗಿದ್ದರೆ ಅದನ್ನು ಬಳಸುವಂತೆಯೂ ಇಲ್ಲ. ಒಂದೇ ಗುಂಡಿ ಒತ್ತಿದರೆ ತಾನೇ ನಿಲ್ದಾಣವನ್ನು ಹುಡುಕಿ ಇಳಿಯುವ ಗಾರ್ಮಿನ್ ಕಂಪನಿಯ ವ್ಯವಸ್ಥೆಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿದ್ದು ನಿಜ. ಆದರೆ ಅದು ಸಣ್ಣ ವಿಮಾನಗಳಿಗಾಗಿ ಮಾಡಿದ್ದು. ನೂರೆಂಬತ್ತು ಜನರನ್ನು ಹೊತ್ತ ಜೆಟ್ಟಿನಲ್ಲಿ ಅಂಥ ಗುಂಡಿಯಿಲ್ಲ.

ಯಂತ್ರವೇ ಎಲ್ಲವನ್ನೂ ಮಾಡುತ್ತದೆಂಬ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು 1990ರ ಫೆಬ್ರವರಿ 14. ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನ ಮಧ್ಯಾಹ್ನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಹೊತ್ತಿ ಉರಿಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಜನ ಸತ್ತರು. ಹವಾಮಾನದ ದೋಷವಿರಲಿಲ್ಲ. ಚುಕ್ಕಾಣಿ ಹಿಡಿದವರಿಬ್ಬರೂ ತರಬೇತಾದ ಕ್ಯಾಪ್ಟನ್ನರು. ಆ ಮಾದರಿಯ ವಿಮಾನ ನಮ್ಮ ದೇಶಕ್ಕೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಜಗತ್ತಿನಲ್ಲೇ ಅತ್ಯಾಧುನಿಕವೆಂದು ಹೆಸರು ಪಡೆದಿತ್ತು. ವಿಮಾನದ ವ್ಯವಸ್ಥೆ ಎಂಜಿನ್ನುಗಳನ್ನು ಮಂದಗತಿಯಲ್ಲಿಟ್ಟು ಕೆಳಗಿಳಿಯುವ ಕ್ರಮದಲ್ಲಿತ್ತೆಂದೂ, ವೇಗ ಇರಬೇಕಾದ್ದಕ್ಕಿಂತ ಕುಸಿಯುತ್ತಿದ್ದುದನ್ನು ಪೈಲಟ್‌ಗಳು ಸಕಾಲದಲ್ಲಿ ಅರಿಯಲಿಲ್ಲವೆಂದೂ ತನಿಖೆಯಿಂದ ತಿಳಿದುಬಂತು. ಕೊನೆಗೆ ಎಂಜಿನ್ನುಗಳು ಶಕ್ತಿ ಪಡೆಯತೊಡಗಿದವು. ನಾನು ಮೇಲೆ ಹೇಳಿದ ಆ ಕೆಲವು ಸೆಕೆಂಡುಗಳು ಮಾತ್ರ ಉಳಿದಿರಲಿಲ್ಲ.

ಮರುದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, “ಕಂಪ್ಯೂಟರ್ ಇದ್ದೂ ಯಾಕೆ ಬಿತ್ತು ಸಾರ್?” ಎಂದು ಕೇಳಿದಳು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಕೇಳಿದ್ದರೆ ಹೇಳುತ್ತಿದ್ದೆ: ಯಂತ್ರ ತನಗೆ ಹೇಳಿದ್ದನ್ನು ಮಾಡುತ್ತಿತ್ತಮ್ಮ, ಅದಕ್ಕೆ ಏನು ಹೇಳಲಾಗಿದೆ ಎಂಬುದು ಮನುಷ್ಯರಿಗೆ ಆ ಕ್ಷಣದಲ್ಲಿ ತಿಳಿಯಲಿಲ್ಲ. ತಿಳಿದವರಿಗೇ ಹೀಗಾಗಬಹುದಾದರೆ ತಿಳಿಯದವನ ಪಾಡೇನು?

ತಿಳಿಯದವನ ಕೈಗೆ ಚುಕ್ಕಾಣಿ ಸಿಕ್ಕ ಒಂದು ಘಟನೆಯೂ ದಾಖಲೆಯಲ್ಲಿದೆ. 1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗಿಗೆ ಹೊರಟಿದ್ದ ಏರೋಫ್ಲೋಟಿನ ಏರ್‌ಬಸ್ 310ರಲ್ಲಿ ಪೈಲಟ್ ತನ್ನ ಹದಿಹರೆಯದ ಮಗನನ್ನು ಆಸನದಲ್ಲಿ ಕೂರಿಸಿದ. ಆಟೋಪೈಲಟ್ ಕೆಲಸ ಮಾಡುತ್ತಿದೆಯಲ್ಲ, ಭಯವೇನು ಎಂಬ ಧೈರ್ಯ. ಹುಡುಗ ಹಿಡಿಯನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿದಾಗ ಆಟೋಪೈಲಟ್ಟಿನ ಒಂದು ಭಾಗ, ವಿಮಾನವನ್ನು ಪಕ್ಕಕ್ಕೆ ವಾಲದಂತೆ ಹಿಡಿಯುವ ಭಾಗ, ಸದ್ದಿಲ್ಲದೆ ಕಳಚಿಕೊಂಡಿತು. ವಿಮಾನ ವಾಲತೊಡಗಿದ್ದು ಅರ್ಥವಾಗುವಷ್ಟರಲ್ಲಿ ಹೊತ್ತು ಮೀರಿತ್ತು. 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಯಂತ್ರವನ್ನು ಬಲ್ಲದವನಿಗೆ ಅದರ ಯಾವ ಭಾಗವನ್ನು ಮುಟ್ಟಬಾರದೆಂಬುದೂ ತಿಳಿದಿರುವುದಿಲ್ಲ.

ಹಾಗಾದರೆ ಉತ್ತರ “ಇಲ್ಲ” ಎಂದೇ? ಅಷ್ಟು ಸುಲಭವಾಗಿ ಹೇಳಲಾಗದು. ಇನ್ನೊಂದು ಬದಿಯ ಸಾಕ್ಷ್ಯವನ್ನೂ ನೋಡಬೇಕು. 2009ರ ಏಪ್ರಿಲ್ 12ರಂದು ಅಮೆರಿಕದ ಫ್ಲಾರಿಡಾದಲ್ಲಿ ಕಿಂಗ್ ಏರ್ ಎಂಬ ಎರಡು ಎಂಜಿನ್ನುಗಳ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಅದರ ಏಕೈಕ ಪೈಲಟ್ ತೀರಿಕೊಂಡರು. ಪಕ್ಕದಲ್ಲಿ ಕುಳಿತಿದ್ದವರು ಒಂದೇ ಎಂಜಿನ್ನಿನ ಸಣ್ಣ ವಿಮಾನಕ್ಕೆ ಮಾತ್ರ ಪರವಾನಗಿ ಪಡೆದಿದ್ದ ಹವ್ಯಾಸಿ. ಹಿಂದಿನ ಆಸನಗಳಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವರು ರೇಡಿಯೋದಲ್ಲಿ ನೆರವು ಬೇಡಿದರು. ಕೆಳಗಿದ್ದ ನಿಯಂತ್ರಕರೊಬ್ಬರು ಆ ವಿಮಾನವನ್ನು ಬಲ್ಲ ದೂರದ ರಾಜ್ಯದ ಗೆಳೆಯರೊಬ್ಬರಿಗೆ ದೂರವಾಣಿ ಮಾಡಿ, ಅವರಿಂದ ಕೇಳಿದ್ದನ್ನು ಮೇಲಕ್ಕೆ ತಿಳಿಸುತ್ತಾ ಹೋದರು. ವಿಮಾನ ಸುರಕ್ಷಿತವಾಗಿ ಇಳಿಯಿತು.

2022ರ ಮೇ 10ರಂದು ಅದೇ ಫ್ಲಾರಿಡಾದಲ್ಲಿ ಮತ್ತೊಮ್ಮೆ ಹೀಗಾಯಿತು. ಸೆಸ್ನಾ ಕ್ಯಾರವಾನ್ ವಿಮಾನದ ಪೈಲಟ್ ಅಸ್ವಸ್ಥರಾದಾಗ ವಿಮಾನ ನಡೆಸಿ ಗೊತ್ತೇ ಇಲ್ಲದ ಪ್ರಯಾಣಿಕರೊಬ್ಬರು ಚುಕ್ಕಾಣಿ ಹಿಡಿದರು. ಪಾಮ್ ಬೀಚ್ ನಿಲ್ದಾಣದ ನಿಯಂತ್ರಕರೊಬ್ಬರು ವೃತ್ತಿಯ ಜೊತೆಗೆ ಹಾರಾಟ ಕಲಿಸುವ ಶಿಕ್ಷಕರೂ ಆಗಿದ್ದರು. ಆ ಮಾದರಿಯನ್ನು ಅವರೂ ಎಂದೂ ನಡೆಸಿರಲಿಲ್ಲ. ಅದರ ಉಪಕರಣ ಫಲಕದ ಚಿತ್ರವೊಂದನ್ನು ತರಿಸಿಕೊಂಡು ಎದುರಿಗಿಟ್ಟುಕೊಂಡು, ಹೊಸ ವಿದ್ಯಾರ್ಥಿಗೆ ಪಾಠ ಹೇಳುವಂತೆ ಒಂದೊಂದಾಗಿ ಹೇಳಿಕೊಟ್ಟು ಇಳಿಸಿದರು.

ಈ ಎರಡೂ ಘಟನೆಗಳನ್ನು ಓದುವಾಗ ಮೇಷ್ಟರಾದ ನನ್ನ ಕಣ್ಣು ಸಹಜವಾಗಿಯೇ ಕಲಿಸಿದವರ ಕಡೆ ಹೋಯಿತು. ಪತ್ರಿಕೆಗಳು “ಪ್ರಯಾಣಿಕ ವಿಮಾನ ಇಳಿಸಿದ” ಎಂದು ಬರೆದವು. ಹೌದು, ಅವರ ಸ್ಥೈರ್ಯಕ್ಕೆ ಸಲಾಮು. ಆದರೆ ನಿಜದಲ್ಲಿ ನಡೆದದ್ದು ಒಂದು ಪಾಠ. ಅವಸರದಲ್ಲಿ ಹುಟ್ಟಿದ ಒಂದು ತರಗತಿ, ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯ ತನಗೆ ತಿಳಿಯದೆಂದು ಮೊದಲೇ ಒಪ್ಪಿಕೊಂಡ. ಹೇಳಿದ್ದನ್ನು ಹೇಳಿದಷ್ಟೇ ಮಾಡಿದ. ಇವು ಸಣ್ಣ ವಿಮಾನಗಳು, ಹವಾಮಾನ ಅನುಕೂಲವಾಗಿತ್ತು ಎಂಬುದನ್ನೂ ಮರೆಯಬಾರದು.

ದೊಡ್ಡ ಜೆಟ್ಟಿನಲ್ಲಿ ಪೈಲಟ್‌ಗಳಿಬ್ಬರೂ ಅಶಕ್ತರಾಗಿ, ಪ್ರಯಾಣಿಕರೊಬ್ಬರು ಅದನ್ನು ಇಳಿಸಿದ ಉದಾಹರಣೆ ನನ್ನ ಓದಿನಲ್ಲಿ ಎಲ್ಲೂ ಸಿಗಲಿಲ್ಲ. ಅದಕ್ಕೆ ಅತ್ಯಂತ ಹತ್ತಿರ ಬರುವುದು 2005ರ ಆಗಸ್ಟ್ 14ರ ಗ್ರೀಸ್ ದುರಂತ. ಸೈಪ್ರಸ್ಸಿನ ಲಾರ್ನಕಾದಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ಕಂಪನಿಯ ಬೋಯಿಂಗ್ 737ರಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆಯ ಸ್ವಿಚ್ಚು ಸ್ವಯಂಚಾಲಿತದ ಬದಲು ಕೈಚಾಲಿತ ಸ್ಥಾನದಲ್ಲಿ ಉಳಿದುಬಿಟ್ಟಿತ್ತು. ಮೇಲೇರಿದಂತೆ ಆಮ್ಲಜನಕ ಸಾಲದೆ ಪೈಲಟ್‌ಗಳಿಬ್ಬರೂ ಪ್ರಜ್ಞೆ ತಪ್ಪಿದರು. ಆಟೋಪೈಲಟ್ ಮಾತ್ರ ವಿಮಾನವನ್ನು ಅಥೆನ್ಸಿನ ಬಳಿಗೆ ತಂದು ಸುತ್ತು ಹಾಕಿಸುತ್ತಿತ್ತು. ಅದರ ಬಳಿಗೆ ಬಂದ ಯುದ್ಧವಿಮಾನಗಳ ಪೈಲಟ್‌ಗಳಿಗೆ, ಯಾರೋ ಒಬ್ಬರು ಕಾಕ್‌ಪಿಟ್ಟಿಗೆ ಬಂದು ಕ್ಯಾಪ್ಟನ್ನರ ಆಸನದಲ್ಲಿ ಕುಳಿತದ್ದು ಕಾಣಿಸಿತು. ಅವರು ವಿಮಾನದ ಪರಿಚಾರಕ ಆಂಡ್ರಿಯಾಸ್ ಪ್ರೊಡ್ರೊಮು. ಅವರಲ್ಲಿ ಪೈಲಟ್ ಪರವಾನಗಿಯಿತ್ತು, 737ರ ತರಬೇತಿಯಿರಲಿಲ್ಲ. ಸರಿಸುಮಾರು ಅದೇ ಹೊತ್ತಿಗೆ ಇಂಧನ ಮುಗಿದು ಎಡಗಡೆಯ ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದೂ ನಿಂತಿತು. ಅವರು ಕಳುಹಿಸಿದ ಸಹಾಯದ ಕರೆ ಯಾರಿಗೂ ಕೇಳಿಸಲಿಲ್ಲ, ರೇಡಿಯೋ ಇನ್ನೂ ಲಾರ್ನಕಾದ ತರಂಗಾಂತರದಲ್ಲೇ ಇತ್ತು. ಗ್ರಾಮಾಟಿಕೊ ಎಂಬ ಊರಿನ ಬಳಿಯ ಗುಡ್ಡದಲ್ಲಿ ವಿಮಾನ ಬಿದ್ದು 121 ಜನರೂ ಸತ್ತರು.

ಈ ಮನುಷ್ಯನನ್ನು ನಾನು ಮರೆಯಲಾರೆ. ಅವರಲ್ಲಿ ಧೈರ್ಯವಿತ್ತು, ಒಂದಿಷ್ಟು ವಿದ್ಯೆಯೂ ಇತ್ತು. ಹೊತ್ತು ಇರಲಿಲ್ಲ, ಇಂಧನ ಇರಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಹೇಳಿಕೊಡುವ ದನಿ ಇರಲಿಲ್ಲ. “ಇಳಿಸಬಲ್ಲನೇ?” ಎಂಬ ಪ್ರಶ್ನೆಯನ್ನು ಕೇಳುವಾಗ ನಾವೆಲ್ಲ ಆ ಒಬ್ಬನನ್ನೇ ನೋಡುತ್ತೇವೆ, ಅವನ ಸುತ್ತ ಏನೇನು ಇರಬೇಕೆಂಬುದನ್ನು ನೋಡುವುದಿಲ್ಲ.

ನನ್ನ ಅಭಿಪ್ರಾಯವನ್ನು ಇನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹವ್ಯಾಸಿ ಪೈಲಟ್ ತಾನೊಬ್ಬನೇ, ತನ್ನ ವಿದ್ಯೆಯ ಬಲದಿಂದಲೇ, ದೊಡ್ಡ ಜೆಟ್ಟನ್ನು ಇಳಿಸುತ್ತಾನೆಂದು ನಾನು ನಂಬುವುದಿಲ್ಲ. ಆಟೋಪೈಲಟ್ ಸುಸ್ಥಿತಿಯಲ್ಲಿದ್ದು, ಇಂಧನ ಸಾಕಷ್ಟಿದ್ದು, ಆಕಾಶ ತಿಳಿಯಾಗಿದ್ದು, ಉದ್ದವಾದ ಸುಸಜ್ಜಿತ ರನ್‌ವೇ ಸಿಕ್ಕಿ, ಆ ಮಾದರಿಯನ್ನು ಬಲ್ಲ ಪೈಲಟ್ಟೊಬ್ಬರು ರೇಡಿಯೋದಲ್ಲಿ ಹೇಳಿಕೊಡುವುದಾದರೆ, ಅವನ ಮೂಲಕ ವಿಮಾನವನ್ನು ಇಳಿಸಿಕೊಳ್ಳಲು ಸಾಧ್ಯವಾಗಬಹುದು. “ಇಳಿಸುವುದು” ಬೇರೆ, “ಅವನ ಮೂಲಕ ಇಳಿಸಿಕೊಳ್ಳುವುದು” ಬೇರೆ. ಈ ಎರಡನೆಯದಕ್ಕೆ ಬೇಕಾದ ಗುಣ ಸಾಹಸವಲ್ಲ, ವಿಧೇಯತೆ. ಆಟೋಪೈಲಟ್ಟನ್ನು ಕೆಣಕದೆ, ರೇಡಿಯೋ ಹಿಡಿದು, “ನನಗೆ ಗೊತ್ತಿಲ್ಲ, ಹೇಳಿಕೊಡಿ” ಎನ್ನುವುದೇ ಅವನು ಮಾಡಬೇಕಾದ ಮೊದಲ ಕೆಲಸ. ನನ್ನ ಹಳೆಯ ವಿದ್ಯಾರ್ಥಿ ಇದನ್ನು ಬಲ್ಲ. ನೂರು ಗಂಟೆಗಳ ಹಾರಾಟ ಅವನಿಗೆ ಕಲಿಸಿದ ಅತಿ ಮುಖ್ಯ ಪಾಠವೆಂದರೆ ತನಗೆ ತಿಳಿಯದ್ದು ಎಷ್ಟಿದೆ ಎಂಬುದು.

ಹೀಗೆಂದ ಮಾತ್ರಕ್ಕೆ ಹವ್ಯಾಸವನ್ನು ನಾನು ಹಗುರವಾಗಿ ಕಾಣುತ್ತೇನೆಂದು ತಿಳಿಯಬಾರದು. 1983ರ ಜುಲೈ 23ರಂದು ಕೆನಡಾದ ಆಕಾಶದಲ್ಲಿ ಒಂದು ಬೋಯಿಂಗ್ 767ರ ಇಂಧನ ನಡುದಾರಿಯಲ್ಲೇ ಮುಗಿಯಿತು. ಕಾರಣ, ಇಂಧನದ ಲೆಕ್ಕದಲ್ಲಿ ಕಿಲೋಗ್ರಾಂ ಇರಬೇಕಾದಲ್ಲಿ ಪೌಂಡಿನ ಅಂಕಿ ಬಳಸಿದ್ದು. “ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತೇನೆ” ಎಂದು ನಾನು ಗದರುತ್ತಿದ್ದಾಗ ಗೊಣಗುತ್ತಿದ್ದ ಶಿಷ್ಯರು ಇದನ್ನು ಗಮನಿಸಬೇಕು! ಎರಡೂ ಎಂಜಿನ್ನುಗಳು ನಿಂತ ಆ ವಿಮಾನವನ್ನು ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 69 ಜನರೂ ಬದುಕಿದರು. ಎಂಜಿನ್ನಿಲ್ಲದ ಗ್ಲೈಡರ್ ಹಾರಿಸುವುದು ಅವರ ಹವ್ಯಾಸವಾಗಿತ್ತು. ಎತ್ತರ ಹೆಚ್ಚಾದಾಗ ವಿಮಾನವನ್ನು ಓರೆಯಾಗಿ ಜಾರಿಸಿ ಇಳಿಸುವ ಗ್ಲೈಡರ್ ವಿದ್ಯೆಯನ್ನು ಅವರು ಅಂದು ದೊಡ್ಡ ಜೆಟ್ಟಿನ ಮೇಲೆ ಪ್ರಯೋಗಿಸಿದರು. ಹವ್ಯಾಸ ಅಲ್ಲಿ ವೃತ್ತಿಯ ಬದಲಿಗೆ ಬರಲಿಲ್ಲ, ವೃತ್ತಿಗೆ ಬೆನ್ನಾಗಿ ನಿಂತಿತು. ಅದೇ ಅದರ ಸರಿಯಾದ ಸ್ಥಾನ.

ಈ ಚರ್ಚೆಯಿಂದ ಏನು ಪ್ರಯೋಜನ, ಇಬ್ಬರೂ ಪೈಲಟ್‌ಗಳು ಒಟ್ಟಿಗೆ ಅಶಕ್ತರಾಗುವುದು ಎಷ್ಟು ಅಪರೂಪ ಎಂದು ಕೆಲವರು ಕೇಳಬಹುದು. ಪ್ರಯೋಜನವಿದೆ. “ವಿಮಾನ ತಾನಾಗಿಯೇ ಇಳಿಯುತ್ತದೆ, ಯಾರು ಬೇಕಾದರೂ ಇಳಿಸಬಹುದು” ಎಂಬ ಮಾತು ಹರಟೆಯಾಗಿರುವವರೆಗೆ ತೊಂದರೆಯಿಲ್ಲ. ಅದು ನಂಬಿಕೆಯಾದರೆ, “ಹಾಗಾದರೆ ಇಬ್ಬರು ಪೈಲಟ್‌ಗಳು ಯಾಕೆ?” ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಈ ಪ್ರಶ್ನೆಯನ್ನು ಈಗಾಗಲೇ ಕೇಳಲಾಗಿದೆ. ದೀರ್ಘ ಪ್ರಯಾಣದ ನಡುವಿನ ಹೊತ್ತಿನಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿ ಇನ್ನೊಬ್ಬರೇ ಕಾಕ್‌ಪಿಟ್ಟಿನಲ್ಲಿದ್ದರೆ ಸಾಲದೇ ಎಂಬ ಯೋಜನೆಯನ್ನು ವಿಮಾನ ಉದ್ಯಮ ಮುಂದಿಟ್ಟಿತು. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇದನ್ನು ಪರಿಶೀಲಿಸಿದ ಅಧ್ಯಯನ 2025ರಲ್ಲಿ ಹೊರಬಂತು. ಈಗಿನ ಕಾಕ್‌ಪಿಟ್ಟುಗಳಲ್ಲಿ ಇಬ್ಬರಿದ್ದಷ್ಟೇ ಸುರಕ್ಷತೆ ಒಬ್ಬರಿದ್ದಾಗಲೂ ಇರುತ್ತದೆಂದು ಸಾಕಷ್ಟು ತೋರಿಸಲಾಗಿಲ್ಲ ಎಂಬುದೇ ಅದರ ತೀರ್ಮಾನ. ಯೋಜನೆ ಸದ್ಯಕ್ಕೆ ಹಿಂದೆ ಸರಿದಿರಬಹುದು. ಆದರೆ ಹಣ ಉಳಿಯುತ್ತದೆಂಬ ಲೆಕ್ಕವಿರುವವರೆಗೆ ಅದು ಮತ್ತೆ ಬಾಗಿಲು ತಟ್ಟದೆ ಇರದು.

ಇಬ್ಬರು ಯಾಕೆ ಬೇಕೆಂಬುದಕ್ಕೆ ನಮ್ಮ ನಾಡಿನ ಸಾಕ್ಷ್ಯವೇ ಇದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಬದುಕಿದರು. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ 1,500 ಮೀಟರಿಗೂ ಹೆಚ್ಚು ಹಿಂದೆ ಬಿಟ್ಟ ಮೇಲೆ ವಿಮಾನ ನೆಲ ಮುಟ್ಟಿತ್ತು. ಇಳಿಯಬೇಡಿ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣವೆಂದು ಸಹಪೈಲಟ್ ಮೂರು ಸಲ ಎಚ್ಚರಿಸಿದ್ದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ಅನುಭವಿಯಾದ ಕ್ಯಾಪ್ಟನ್ ಅದನ್ನು ಕೇಳಲಿಲ್ಲ. ಇದರಿಂದ ಎರಡನೆಯವನು ನಿರುಪಯೋಗಿ ಎಂದು ಹೇಳುವವರಿದ್ದಾರೆ. ನಾನು ಕಲಿಯುವ ಪಾಠ ಇದಕ್ಕೆ ವಿರುದ್ಧವಾದದ್ದು. ಅಂದು ಕಾಕ್‌ಪಿಟ್ಟಿನಲ್ಲಿ ಸತ್ಯ ನುಡಿದ ದನಿ ಅದೊಂದೇ. ಆ ದನಿಗೆ ಕಿವಿಗೊಡುವುದನ್ನು ಕಲಿಸಬೇಕೇ ಹೊರತು ದನಿಯನ್ನೇ ತೆಗೆದುಹಾಕಬಾರದು.

ಹವ್ಯಾಸಿಯನ್ನು ಕಾಪಾಡಿದ್ದೂ, ವೃತ್ತಿಪರನನ್ನು ಕಾಪಾಡಬಹುದಾಗಿದ್ದದ್ದೂ ಒಂದೇ: ಇನ್ನೊಬ್ಬರು ಹೇಳುವುದನ್ನು ಕೇಳುವ ಗುಣ. ಆದ್ದರಿಂದ ಮುಂಬದಿಯ ಎರಡನೆಯ ಆಸನ ಎಂದಿಗೂ ಖಾಲಿಯಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟಿಕೇಟಿನ ಬೆಲೆ ಅದರಿಂದ ತುಸು ಹೆಚ್ಚಾದರೆ ಆಗಲಿ.

ಊರಿಗೆ ಹೊರಡುವ ದಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಬೆಂಗಳೂರು, ಮಂಗಳೂರಿನ ವಿವರಗಳನ್ನು ಕೇಳುವಾಗ ಸುಮ್ಮನೆ ಕುಳಿತಿದ್ದ. ವಾದಕ್ಕೆ ಬರಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಹೋದವನು ತಿರುಗಿ ನಿಂತು, “ತಾತ, ನಿಮ್ಮ ಆ ಸ್ಟೂಡೆಂಟ್ ಫೋನ್ ನಂಬರ್ ಕೊಡ್ತೀರಾ? ಕಲಿಯೋಕೆ ಎಷ್ಟು ದಿನ ಬೇಕು ಅಂತ ಕೇಳ್ಬೇಕು” ಎಂದ. ಸಂತೋಷದಿಂದ ಕೊಟ್ಟೆ.